ಉಡಿಗೆ ಬಿದ್ದ ಜೇಡ

ಕೆಂಗಲ್ಲಹಾಳದ ಪೂಜ್ಯ ಶ್ರೀ ಸೋಮಲಿಂಗಜ್ಜನವರಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ. ಅವರಿಗಿದ್ದದ್ದು ಕೆಂಪುಕಲ್ಲಿನ ಗುಡ್ಡದ ಬುಡದಲ್ಲಿ ಒಂದೇ ಅಂಕಣದ ಮನೆ, ಆ ಮನೆಯ ನೆಲದಲ್ಲಿ ತೋಡಿದ ಒಂದು ಕುಣಿ, ಕುಣಿಯ ಮೇಲೊಂದು ಮಗ್ಗ. ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು, ಸೊಂಟದಿಂದ ಮೇಲಷ್ಟೇ ಲೋಕಕ್ಕೆ ಕಾಣುವಂತೆ ಕುಳಿತು, ಶ್ರೀಗಳವರು ದಿನವಿಡೀ ಖಣ ನೇಯುತ್ತಿದ್ದರು. ಹೆಣ್ಣುಮಕ್ಕಳು ಕುಪ್ಪಸ ಹೊಲಿಸಿಕೊಳ್ಳುವುದಕ್ಕೂ ಉಡಿ ತುಂಬುವುದಕ್ಕೂ ಆ ಸೀಮೆಯಲ್ಲಿ ಖಣವೇ ಬೇಕು. ದರ್ಶನಕ್ಕೆ ಬಂದವರು ಮಗ್ಗದ ಎದುರಿನ ಕಟ್ಟೆಯ ಮೇಲೆ ಕುಳಿತುಕೊಳ್ಳಬೇಕು. ಅಜ್ಜನವರು ಲಾಳಿ ನಿಲ್ಲಿಸಿದರೆ ಮಾತುಂಟು. ನಿಲ್ಲಿಸದಿದ್ದರೆ ಮಗ್ಗದ ಸಪ್ಪಳವನ್ನೇ ಆಶೀರ್ವಾದವೆಂದು ಕೇಳಿಸಿಕೊಂಡು ಎದ್ದು ಹೋಗಬೇಕು.

ಅವರದೊಂದು ಪದ್ಧತಿಯಿತ್ತು. ಬೆಳಿಗ್ಗೆ ಮಗ್ಗಕ್ಕೆ ಕೂಡುವ ಮೊದಲು ಕುಣಿಯ ಅಂಚನ್ನು ಕೋಲಿನಿಂದ ಮೂರು ಸಲ ಮೆಲ್ಲನೆ ತಟ್ಟುವರು. ತಟ್ಟಿ, ಒಂದು ಭಜನೆಯ ಪಲ್ಲವಿ ಮುಗಿಯುವಷ್ಟು ಹೊತ್ತು ಸುಮ್ಮನೆ ನಿಲ್ಲುವರು. ಆಮೇಲೆಯೇ ಕಾಲಿಳಿಸುವರು. ತಂಪಾದ ಕುಣಿಯ ಗೋಡೆಯಲ್ಲಿ ಏನೇನೋ ಜೀವಿಗಳು ಬಿಲ ಮಾಡಿಕೊಂಡಿರುತ್ತವೆ. “ಅವೂ ಎದ್ದು ಸರಿಯಾಕ ಹೊತ್ತು ಬೇಕಲ್ಲೋ,” ಎನ್ನುತ್ತಿದ್ದರು.

ಈಗ ಹೇಳಲಿರುವ ಪ್ರಸಂಗವನ್ನು ಊರಲ್ಲಿ ಬೇರೆ ರೀತಿಯಲ್ಲಿ ಹೇಳುವವರಿದ್ದಾರೆ. ಅಜ್ಜನವರು ವಿಭೂತಿ ಹಚ್ಚಿದರಂತೆ, ಮುರಿದ ಕಾಲು ಕಣ್ಣೆದುರೇ ಚಿಗುರಿತಂತೆ, ಜೇಡ ಮಾತಾಡಿತಂತೆ! ಈ ವಿಷಯದಲ್ಲಿ ನಾನು ಮೂವರ ಜೊತೆ ಜಗಳವಾಡಿದ್ದೇನೆ, ಒಬ್ಬರಂತೂ ಇಂದಿಗೂ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಮಾತಾಡಿದ್ದು ಜೇಡವಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದರೆ ಅಜ್ಜನವರ ಮಹಿಮೆಗೆ ಎಳ್ಳಷ್ಟೂ ಕುಂದಿಲ್ಲ. ನಾನು ಆ ಊರಿನ ಶಾಲೆಯಲ್ಲಿ ಮಾಸ್ತರನಾಗಿದ್ದಾಗ ಎಂಬತ್ತು ದಾಟಿದ್ದ ಕಾಶವ್ವ ತನ್ನ ಬಾಯಿಂದಲೇ ಇದನ್ನು ನನಗೆ ಹೇಳಿದಳು. ಹೇಳುವಷ್ಟು ಹೊತ್ತೂ ಆಕೆಯ ಕೈ ಸೆರಗಿನ ಅಂಚನ್ನು ಬಿಡಲಿಲ್ಲ.

ಕಾಶವ್ವ ನೇಕಾರ ಇರಪಾಕ್ಷಪ್ಪನ ಹೆಂಡತಿ. ಒಬ್ಬಳೇ ಮಗಳು ನಿಂಬೆವ್ವ. ಹುಡುಗಿ ಬಾಯಿಬಡಕಿ, ಹೊರಗಿನಿಂದ ಬಂದರೆ ಚಪ್ಪಲಿ ಬಿಡುವ ಮೊದಲೇ ಹೊಸ್ತಿಲಲ್ಲಿ ನಿಂತು “ಅವ್ವಾ” ಎಂದು ಕೂಗುವ ಚಾಳಿ ಆಕೆಯದು. “ಏನು?” ಎಂದರೆ “ಏನಿಲ್ಲ” ಎನ್ನುವಳು. ಕಾಶವ್ವ ಇದಕ್ಕೆ ಎಷ್ಟೋ ಸಲ ರೇಗಿದ್ದುಂಟು. ಇಂಥ ಮಗಳನ್ನು ಮದುವೆ ಮಾಡಿಕೊಟ್ಟರು, ಚೊಚ್ಚಲ ಬಾಣಂತನಕ್ಕೆ ಕರೆತಂದರು, ಹೆಣ್ಣು ಕೂಸು ಹುಟ್ಟಿತು. ಒಂಬತ್ತನೆಯ ದಿನ ಆ ಕೂಸು ತೀರಿಕೊಂಡಿತು.

ಅಂದಿನಿಂದ ನಿಂಬೆವ್ವ ಮಾತಾಡಲಿಲ್ಲ. ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದವಳು ನಾಲ್ಕು ತಿಂಗಳಾದರೂ ಹಾಗೆಯೇ ಇದ್ದಳು. ಕಾಶವ್ವ ಸುಮ್ಮನಿರುವ ಪೈಕಿಯೇ ಅಲ್ಲ. “ನಿನಗಿನ್ನೂ ವಯಸ್ಸೈತಿ, ಇನ್ನೊಂದು ಹಡೀತಿ, ಏಳು” ಎಂದು ದಿನಕ್ಕೆ ಹತ್ತು ಸಲ ಹೇಳಿದಳು. ಮುಚ್ಚಿದ ಬಾಯಿಗೆ ತುತ್ತು ತುರುಕಿದಳು. ತಾಯತ ಕಟ್ಟಿಸಿದಳು. ಒಂದು ದಿನ ತಾಳ್ಮೆಗೆಟ್ಟು ಭುಜ ಹಿಡಿದು ಅಲುಗಾಡಿಸಿ, “ಒಮ್ಮೆ ಅವ್ವಾ ಅನ್ನು, ಒಂದ ಸಲ ಅನ್ನು” ಎಂದು ಅರಚಿದಳು. ಮಗಳ ಕಣ್ಣಿನಿಂದ ನೀರಿಳಿಯಿತು, ಬಾಯಿ ತೆರೆಯಲಿಲ್ಲ. ಮನೆಯಲ್ಲಿ ಮಗ್ಗದ ಸಪ್ಪಳ, ಪಾತ್ರೆಯ ಸಪ್ಪಳ, ಬೀದಿಯ ಸಪ್ಪಳ ಎಲ್ಲವೂ ಇದ್ದವು. ಆ ಒಂದು ಕೂಗು ಮಾತ್ರ ಇರಲಿಲ್ಲ. ಬೇರೆ ಮನೆಯ ಹುಡುಗಿಯರು ಬೀದಿಯಲ್ಲಿ “ಅವ್ವಾ” ಎಂದು ಕೂಗಿದರೆ ಕಾಶವ್ವ ಕೈಯ ಕೆಲಸ ಬಿಟ್ಟು ಬಾಗಿಲಿಗೆ ಓಡಿಬರುತ್ತಿದ್ದಳಂತೆ.

ಕೊನೆಗೆ ಯಾರೋ ಹೇಳಿದರೆಂದು, ಗುಡ್ಡದಾಚೆಯ ಹಳ್ಳಿಯಲ್ಲಿ ದೆವ್ವ ಬಿಡಿಸುವವನೊಬ್ಬನ ಹತ್ತಿರ ಹೋಗುವುದು ನಿಶ್ಚಯವಾಯಿತು. ಅವನು ಹುಣಸೆಯ ಬರಲಿನಿಂದ ಬಡಿದು ಮಾತು ಹೊರಡಿಸುತ್ತಿದ್ದನಂತೆ. ಮುಂದಿನ ಅಮಾವಾಸ್ಯೆ ಬಿಟ್ಟು ಅದರಾಚೆಯ ಅಮಾವಾಸ್ಯೆಗೆ ಬರಹೇಳಿದ್ದ. ಅದಕ್ಕೆ ಮೊದಲು ಅಜ್ಜನವರನ್ನೂ ಒಂದು ಮಾತು ಕೇಳಿಬಿಡೋಣವೆಂದು ಕಾಶವ್ವ ಕೆಂಪುಗುಡ್ಡದ ಬುಡಕ್ಕೆ ಬಂದಳು. ನಂಬಿಕೆಯಿಂದ ಬಂದವಳಲ್ಲ. “ನೇಯೋ ಮುದುಕ ಏನ ಮಾಡ್ತಾನು, ನಮ್ಮ ಮನ್ಯಾಗೂ ಒಬ್ಬಾಂವ ನೇಯಾಕತ್ತಾನ” ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು.

ಕಟ್ಟೆಯ ಮೇಲೆ ಕುಳಿತಳು. ಎಲ್ಲವನ್ನೂ ಹೇಳಿದಳು. ಲಾಳಿ ನಿಲ್ಲಲಿಲ್ಲ. ಕಾಶವ್ವನಿಗೆ ಸಿಟ್ಟು ಬಂತು. ಕಟ್ಟೆ ಇಳಿದು ಕುಣಿಯ ಅಂಚಿಗೇ ಬಂದು ಕುಳಿತು, “ಅಜ್ಜಾರ, ಆಗತೈತಿ ಅಂದ್ರ ಆಗತೈತಿ ಅನ್ರಿ, ಇಲ್ಲಂದ್ರ ಇಲ್ಲ ಅನ್ರಿ. ನನ್ನ ಮಗಳು ಮಾತಾಡವಲ್ಲಳು!” ಎಂದು ನೆಲವನ್ನು ಬಡಿದಳು.

ಆ ಬಡಿತಕ್ಕೆ ಕುಣಿಯ ಗೋಡೆಯ ಬಿಲದಿಂದ ಅದು ಹೊರಬಂತು. ಅಂಗೈಯಗಲ, ಮೈತುಂಬ ಕರಿ ರೋಮ, ಒಂದೊಂದು ಕಾಲೂ ಬೆರಳಿನಷ್ಟು ದಪ್ಪ. ಊರವರು ಕರಿಜೇಡ ಎನ್ನುತ್ತಾರೆ. ಶಾಲೆಗೆ ಬಂದ ಪುಸ್ತಕವೊಂದರಲ್ಲಿ ಟರಾಂಟುಲಾ ಎಂದು ಬರೆದು ಚಿತ್ರ ಹಾಕಿದ್ದರು, ಆ ಪುಟವನ್ನು ನಾನು ಮುಟ್ಟದೆ ತಿರುವುತ್ತಿದ್ದೆ. ಕಾಶವ್ವ ಕಿರುಚಿ, ಪಕ್ಕದಲ್ಲಿದ್ದ ಇನ್ನೊಂದು ಲಾಳಿಯನ್ನೆತ್ತಿ ಬೀಸಿದಳು. ಲಾಳಿಗೆ ಎರಡೂ ತುದಿಯಲ್ಲಿ ಕಬ್ಬಿಣದ ಮೊನೆಯಿರುತ್ತದೆ. ಜೇಡದ ಎರಡು ಕಾಲು ಮುರಿದು ಬಿದ್ದವು, ಗಾಯದಿಂದ ನೀಲಿ ಛಾಯೆಯ ನೀರು ಜಿನುಗತೊಡಗಿತು.

ಆಗ ಮಗ್ಗ ನಿಂತಿತು.

ಶ್ರೀಗಳವರು ಕುಣಿಯಿಂದ ಎದ್ದರು. ಬೈಯಲಿಲ್ಲ. ನೂಲಿಗೆ ಗಂಜಿ ಹಾಕಲು ಇಟ್ಟುಕೊಂಡಿದ್ದ ನುಣ್ಣನೆಯ ಹಿಟ್ಟನ್ನು ಚಿಟಿಕೆಯಲ್ಲಿ ತೆಗೆದುಕೊಂಡು ಗಾಯದ ಮೇಲೆ ಉದುರಿಸಿದರು. ಹಿಟ್ಟು ಹೆಪ್ಪುಗಟ್ಟಿ ನೀರು ನಿಂತಿತು. ಒಂದು ಒಣ ಪತ್ರಾವಳಿಯನ್ನು ಮೆಲ್ಲನೆ ಅದರಡಿಗೆ ಸರಿಸಿ ಎತ್ತಿ, ಅಗಲ ಬಾಯಿಯ ಮಣ್ಣಿನ ಗಡಿಗೆಯೊಂದಕ್ಕೆ ಕುಣಿಯದೇ ತಂಪು ಮಣ್ಣು ಹಾಕಿ, ಜೇಡವನ್ನು ಅದರಲ್ಲಿ ಇಳಿಸಿದರು. ಗಡಿಗೆಯ ಬಾಯಿಗೆ ಖಣದ ತುಂಡೊಂದನ್ನು ಕಟ್ಟಿದರು.

ಅಜ್ಜನವರು ಏನೋ ಮಾಡುತ್ತಿದ್ದಾರೆ, ಇನ್ನು ಪ್ರಸಾದ ಕೊಟ್ಟು ಕಳಿಸುತ್ತಾರೆ ಎಂದುಕೊಂಡ ಕಾಶವ್ವ, ರೂಢಿಯ ಪ್ರಕಾರ ಎದ್ದು ನಿಂತು ಸೆರಗು ಹಿಡಿದು ಉಡಿಯೊಡ್ಡಿದಳು. ಅಜ್ಜನವರು ಆ ಗಡಿಗೆಯನ್ನೇ ಉಡಿಯಲ್ಲಿಟ್ಟರು!

ಉಡಿಗೆ ಬಿದ್ದದ್ದನ್ನು ಆ ಸೀಮೆಯ ಹೆಣ್ಣುಮಕ್ಕಳು ಕೊಟ್ಟವರ ಮನೆಯಲ್ಲಿ ಬಿಟ್ಟು ಹೋಗುವಂತಿಲ್ಲ, ದಾರಿಯಲ್ಲಿ ಇಳಿಸುವಂತಿಲ್ಲ. ತನ್ನ ಮನೆಯ ಹೊಸ್ತಿಲು ದಾಟಿಯೇ ಇಳಿಸಬೇಕು. ಬೇರೆ ಯಾವ ಊರಿನವಳಾಗಿದ್ದರೂ ಗಡಿಗೆ ಒಗೆದು ಓಡುತ್ತಿದ್ದಳೇನೋ. ಕಾಶವ್ವ ಗಡಿಗೆಯನ್ನು ಉಡಿಯಲ್ಲಿಯೇ ಹಿಡಿದು ನಿಂತಳು.

“ನೀರಿಡು. ಕತ್ತಲಿಡು. ಮುಟ್ಟಬ್ಯಾಡ,” ಎಂದರು ಅಜ್ಜನವರು.

“ನನ್ನ ಮಗಳ ಮಾತಿನ ಗತಿ ಏನ್ರಿ?”

“ಮೊದಲ ಇದು ಬದುಕಲಿ, ತಂಗಿ.” ಮತ್ತೆ ಕುಣಿಯ ಅಂಚನ್ನು ಮೂರು ಸಲ ತಟ್ಟಿ, ಹೊತ್ತು ಕಾದು, ಕಾಲಿಳಿಸಿ ಕುಳಿತರು.

ಮನೆಗೆ ಬಂದ ಕಾಶವ್ವನಿಗೆ ಗಡಿಗೆ ಎಲ್ಲಿಡುವುದೆಂಬುದೇ ಚಿಂತೆಯಾಯಿತು. ಪಡಸಾಲೆಯಲ್ಲಿ ಗಂಡನ ಮಗ್ಗದ ಅದುರು, ಅಡಿಗೆಮನೆಯಲ್ಲಿ ಹೊಗೆ. ತಂಪೂ ಕತ್ತಲೂ ಇದ್ದದ್ದು ಮಗಳು ಮಲಗಿದ್ದ ಒಳಕೋಣೆಯಲ್ಲಿ ಮಾತ್ರ. ಮಗಳ ತಲೆದೆಸೆಯ ಮೂಲೆಯಲ್ಲಿ ಗಡಿಗೆಯನ್ನಿಟ್ಟು, ತೆಂಗಿನ ಚಿಪ್ಪಿನಲ್ಲಿ ನೀರಿಟ್ಟು, “ಅಜ್ಜಾರು ಕೊಟ್ಟಾರ, ಕರಿಜ್ಯಾಡ ಐತಿ. ಅಂಜಬ್ಯಾಡ. ಕಾಲ ಮುರದೇನಿ ಅದರದು” ಎಂದಳು. ಮಗಳು ಗೋಡೆ ನೋಡುತ್ತಲೇ ಇದ್ದಳು.

ನೀರಿಟ್ಟಳು, ಕತ್ತಲಿಟ್ಟಳು. ಮುಟ್ಟಬೇಡ ಎಂದದ್ದು ಮಾತ್ರ ಆಕೆಯ ಕೈಲಾಗಲಿಲ್ಲ. ಬದುಕಿದೆಯೋ ಸತ್ತಿದೆಯೋ ಎಂದು ದಿನವೂ ಕಸಬರಿಗೆಯ ಕಡ್ಡಿಯಿಂದ ತಿವಿದು ನೋಡುವಳು. ಅದು ಮುಂಗಾಲೆತ್ತಿ ನಿಲ್ಲುವುದು, ಈಕೆ ಹಿಂದಕ್ಕೆ ಹಾರುವಳು. ಮಿಡತೆ ಹಿಡಿದು ತಂದು ಹಾಕಿದಳು. ಜೇಡ ತಿನ್ನಲಿಲ್ಲ. ಇನ್ನೆರಡು ಹಾಕಿದಳು. ಮೂರು ಮಿಡತೆಗಳೂ ಗಡಿಗೆಯ ತುಂಬ ಹಾರಾಡಿಕೊಂಡಿದ್ದವು, ಜೇಡ ಮೂಲೆಗೆ ಒತ್ತಿ ಕುಳಿತಿತ್ತು. ಇಪ್ಪತ್ತು ದಿನ ಕಳೆದ ಮೇಲೆ ಮತ್ತೆ ಅಜ್ಜನವರ ಹತ್ತಿರ ಓಡಿದಳು.

“ಅಜ್ಜಾರ, ಏನ ಹಾಕಿದ್ರೂ ತಿನ್ನವಲ್ದು. ಸಾಯ್ತೈತಿ ಅದು.”

ಶ್ರೀಗಳವರು ಲಾಳಿ ನಿಲ್ಲಿಸಿದರು. “ತಿನ್ನದ ಹುಳಾನ ಹೊರಗ ತಗಿ. ಪೊರಿ ಬಿಡೂ ಕಾಲಕ್ಕ ಅದರ ಮೈ ಮೆತ್ತಗಾಗಿರತೈತಿ. ಆವಾಗ ನೀ ಹಾಕಿದ ಕೂಳು ಅದನ್ನ ತಿಂತೈತಿ.”

ಇಷ್ಟೇ. ಕಾಶವ್ವ ಮನೆಗೆ ಬಂದು ಮಿಡತೆಗಳನ್ನು ಹೊರಗೆ ಬಿಟ್ಟಳು. ಆ ದಿನ ಮಧ್ಯಾಹ್ನ ಮಗಳ ಮುಂದೆ ಗಂಗಾಳವಿಟ್ಟು, ತುತ್ತು ಕಲಸಲು ಕೈ ಚಾಚಿದವಳು ತಡೆದು ನಿಂತಳು. ಗಂಗಾಳವನ್ನು ಅಲ್ಲಿಯೇ ಬಿಟ್ಟು ಹೊರಗೆ ಬಂದಳು. ಯಾಕೆಂದು ಆಕೆಗೇ ಪೂರ್ತಿ ತಿಳಿದಿರಲಿಲ್ಲವಂತೆ. ಸಂಜೆ ನೋಡಿದರೆ ಗಂಗಾಳದಲ್ಲಿ ಅರ್ಧ ರೊಟ್ಟಿ ಕಡಿಮೆಯಾಗಿತ್ತು.

ಆದರೂ ದೆವ್ವ ಬಿಡಿಸುವವನಲ್ಲಿಗೆ ಹೋಗಲು ಕರೆಸಿದ ಗಾಡಿ ಬಂದೇಬಂತು. ಅಮಾವಾಸ್ಯೆಯ ಬೆಳಿಗ್ಗೆ ಇರಪಾಕ್ಷಪ್ಪ ಬಾಗಿಲ ಮುಂದೆ ಎತ್ತು ಹೂಡಿಸಿ ನಿಂತಿದ್ದ. ಬದುಕಿನಲ್ಲಿ ಹೆಂಡತಿಯ ಮಾತಿಗೆ ಹೂಂ ಎನ್ನುವುದೊಂದನ್ನೇ ಕಲಿತಿದ್ದ ಪಾಪದ ಮನುಷ್ಯ ಆತ. ಕಾಶವ್ವ ಮಗಳನ್ನು ಎಬ್ಬಿಸಲು ಒಳಗೆ ಹೋದಳು. ಹೋಗುವ ಮುಂಚೆ ಜೇಡಕ್ಕೆ ನೀರಿಟ್ಟು ಹೋಗೋಣವೆಂದು ಗಡಿಗೆಯ ಬಟ್ಟೆ ಸರಿಸಿದಳು.

ಜೇಡ ಅಂಗಾತ ಬಿದ್ದಿತ್ತು. ಉಳಿದ ಆರು ಕಾಲುಗಳೂ ಆಕಾಶಕ್ಕೆ ಮುಖ ಮಾಡಿದ್ದವು. ಅಲುಗಾಟವಿರಲಿಲ್ಲ.

ಕಾಶವ್ವ ಕುಸಿದು ಕುಳಿತಳು. “ಅಯ್ಯೋ ಶಿವನ! ಒಂದು ಹುಳಾನ ಬದುಕಸಾಕ ಆಗಲಿಲ್ಲಲ್ಲೋ ನನ್ನ ಕೈಲೆ” ಎಂದು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಮೊಮ್ಮಗಳು ಸತ್ತಾಗಲೂ ಆಕೆ ಅಷ್ಟು ಅತ್ತಿರಲಿಲ್ಲ. ಆಗ ಬಾಣಂತಿಯ ಮುಂದೆ ಅಳಬಾರದೆಂದು ಗಟ್ಟಿಯಾಗಿದ್ದಳು. ಆಮೇಲೆ ಎಲ್ಲದರ ಮೇಲೂ ಸಿಟ್ಟು ಬಂತು. ಅಜ್ಜನವರ ಮೇಲೂ ಬಂತು. ಹೊರಗೆಸೆದು ಬರುತ್ತೇನೆಂದು ಗಡಿಗೆಯೊಳಗೆ ಕೈಯಿಳಿಸಿದಳು.

ಹಿಂದಿನಿಂದ ಬಂದ ಕೈಯೊಂದು ಆಕೆಯ ಮಣಿಕಟ್ಟು ಹಿಡಿಯಿತು.

“ಮುಟ್ಟಬ್ಯಾಡ.”

ಐದಾರು ತಿಂಗಳು ಮುಚ್ಚಿದ್ದ ಬಾಗಿಲು ಕಿರುಗುಟ್ಟಿದಂತಿತ್ತು ಆ ದನಿ. “ಸತ್ತಿಲ್ಲದು. ನಿನ್ನೆಯಿಂದ ಬಲಿ ನೇದು ಹಾಸಗಿ ಹಾಸಕೊಂಡೈತಿ. ನಾ ನೋಡೀನಿ.”

ಕಾಶವ್ವನ ಬಾಯಲ್ಲಿ ನೂರು ಮಾತು ನುಗ್ಗಿ ಬಂದವು. ಮಾತಾಡಿದೆಯಾ ನನ್ನ ತಾಯೀ, ಇನ್ನೊಮ್ಮೆ ಆಡು, ಅವ್ವಾ ಅನ್ನು, ನಿಮ್ಮಪ್ಪನನ್ನು ಕರೆಯಲೇ? ಆದರೆ ಗಡಿಗೆಯಲ್ಲಿ ಹಾರಾಡುತ್ತಿದ್ದ ಮೂರು ಮಿಡತೆಗಳು ನೆನಪಾದವು. ನನ್ನ ಜನ್ಮದಲ್ಲಿ ಅಷ್ಟು ಕಷ್ಟದ ಕೆಲಸ ಬೇರೆ ಮಾಡಿಲ್ಲ ಎಂದಳು ನನಗೆ: ಎರಡೂ ಕೈಗಳನ್ನು ತನ್ನ ತೊಡೆಯಡಿಗೆ ಸಿಕ್ಕಿಸಿಕೊಂಡು, ಬಾಯಿ ಮುಚ್ಚಿ, ಮಗಳ ಪಕ್ಕದಲ್ಲಿ ಕುಳಿತಳು. ಹೊರಗಿನಿಂದ ಇರಪಾಕ್ಷಪ್ಪ ಎರಡು ಸಲ ಕೂಗಿದ. ಬಾಗಿಲಿಗೆ ಬಂದು ಇಣುಕಿದವನಿಗೆ ಕಾಶವ್ವ ಬೇಡವೆಂದು ತಲೆಯಾಡಿಸಿದಳು. ಸ್ವಲ್ಪ ಹೊತ್ತಿಗೆ ಗಾಡಿ ತಿರುಗಿ ಹೋದ ಸಪ್ಪಳ ಕೇಳಿಸಿತು.

ಬಿಸಿಲು ಏರುವ ಹೊತ್ತಿಗೆ ಜೇಡದ ಮೈ ಬಿರಿಯಿತು. ಒದ್ದೆಯಾದ ಕುಪ್ಪಸದ ತೋಳಿನಿಂದ ಕೈ ಬಿಡಿಸಿಕೊಳ್ಳುವ ಹಾಗೆ, ಅದು ಹಳೆಯ ಪೊರೆಯಿಂದ ಒಂದೊಂದೇ ಕಾಲನ್ನು ಹೊರಗೆಳೆದುಕೊಳ್ಳತೊಡಗಿತು. ಎಳೆಯುವುದು, ಸುಸ್ತಾಗಿ ನಿಲ್ಲುವುದು, ಮತ್ತೆ ಎಳೆಯುವುದು. ಸಹಾಯ ಮಾಡಬೇಕೆಂದು ಕಾಶವ್ವನ ಬೆರಳುಗಳು ತೊಡೆಯಡಿಯಲ್ಲಿ ಮಿಸುಕಾಡುತ್ತಲೇ ಇದ್ದವು. ನಿಂಬೆವ್ವ ಮೆಲ್ಲನೆ ಎಣಿಸುತ್ತಿದ್ದಳು. ಐದು. ಆರು. ಮುರಿದು ಬಿದ್ದಲ್ಲಿಂದ ಸಣ್ಣ, ತೆಳ್ಳನೆಯ, ಬಿಳಚಿಕೊಂಡ ಇನ್ನೊಂದು ಕಾಲು ಬಂತು. ಏಳು. ಆಮೇಲೆ ಎಂಟು.

ನಿಂಬೆವ್ವ ಬಹಳ ಹೊತ್ತು ನೋಡಿದಳು. “ಇದರ ಕಾಲು ಬಂದ್ವು,” ಎಂದಳು. “ನನ್ನ ಕೂಸು ಬರೂದಿಲ್ಲ.”

ಇನ್ನೊಂದು ಹಡೀತಿ ಎಂಬ ಮಾತು ಕಾಶವ್ವನ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

“ಇಲ್ಲ,” ಎಂದಳು. “ಬರೂದಿಲ್ಲ.”

ಆಗ ನಿಂಬೆವ್ವ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಇಬ್ಬರೂ ಅತ್ತರು. ಅಳುತ್ತಲೇ ಕಾಶವ್ವನಿಗೆ ಒಂದು ವಿಷಯ ಹೊಳೆಯಿತು. ಆ ಒಂಬತ್ತು ದಿನ ನಿಂಬೆವ್ವ ತನ್ನ ಕೂಸಿಗೆ ಹೆಸರಿಟ್ಟಿರಲಿಲ್ಲ. ಎದೆಗೆ ಹಿಡಿದಾಗಲೆಲ್ಲ “ಬಾರ ನನ್ನವ್ವಾ, ಕುಡಿ ನನ್ನವ್ವಾ” ಎನ್ನುತ್ತಿದ್ದಳು. ಯಾವ ಮಾತನ್ನು ತಾನು ಭುಜ ಅಲುಗಾಡಿಸಿ ಕೇಳಿದ್ದಳೋ, ಆ ಮಾತಿನಲ್ಲಿಯೇ ಆ ಕೂಸು ಇತ್ತು. ಅಂದಿನಿಂದ ಕಾಶವ್ವ ಅದನ್ನು ಕೇಳಲಿಲ್ಲ. ಆಸೆಯೇನೂ ಕಡಿಮೆಯಾಗಲಿಲ್ಲ, ಸುಳ್ಳು ಯಾಕೆ ಹೇಳಲಿ, ಇನ್ನೂ ಹೆಚ್ಚಾಯಿತು ಎಂದಳು.

ಜೇಡದ ಮೈ ಗಟ್ಟಿಯಾಗಲು ಇನ್ನೂ ಹದಿನೈದು ದಿನ ಹಿಡಿಯಿತು. ನಿಂಬೆವ್ವ ಎದ್ದು ಹಿತ್ತಲಿಗೆ ಹೋಗಿ ತಾನೇ ಮಿಡತೆ ಹಿಡಿದು ತಂದಳು. ಈ ಸಲ ಜೇಡ ತಿಂದಿತು. ಈ ನಡುವೆ ಆಕೆ ದಿನಕ್ಕೆ ಎರಡು ಮೂರು ಮಾತಾಡುತ್ತಿದ್ದಳು: ನೀರು ತುಂಬಿದೆ, ಹಾಲು ಉಕ್ಕಿತು, ಅಪ್ಪ ಉಣ್ಣಲಿಲ್ಲ. ಕರೆಯುವುದು ಮಾತ್ರ ಇಲ್ಲ.

ಒಂದು ಬೆಳಿಗ್ಗೆ ತಾಯಿ ಮಗಳಿಬ್ಬರೂ ಗಡಿಗೆ ತೆಗೆದುಕೊಂಡು ಅಜ್ಜನವರ ಮನೆಗೆ ಹೋದರು. ಶ್ರೀಗಳವರು ಕುಣಿಯಿಂದ ಕಾಲು ಮೇಲೆತ್ತಿಕೊಂಡು ದಾರಿ ಮಾಡಿಕೊಟ್ಟರು. ನಿಂಬೆವ್ವ ಗಡಿಗೆಯನ್ನು ಕುಣಿಯೊಳಗೆ ಇಳಿಸಿ ಓರೆಯಾಗಿಟ್ಟಳು. ಜೇಡ ಹೊರಬಂದು, ಹೊಸ ಕಾಲುಗಳನ್ನು ನೆಲಕ್ಕೆ ಊರಿ ನೋಡಿ, ಕುಂಟುತ್ತ, ತನ್ನ ಹಳೆಯ ಬಿಲಕ್ಕೆ ಹೋಯಿತು. ಶ್ರೀಗಳವರು ಆ ಬಿಲದ ಕಡೆಗೆ ಕೈ ಮುಗಿದರು. ಲಿಂಗಪೂಜೆ ಮುಗಿಸಿ ಏಳುವಾಗ ಹೇಗೆ ಮುಗಿಯುತ್ತಿದ್ದರೋ ಹಾಗೆಯೇ ಮುಗಿದು, ಅಂಚನ್ನು ತಟ್ಟಿ ಕಾದು, ಮತ್ತೆ ಕಾಲಿಳಿಸಿ ಕುಳಿತರು.

ಕಾಶವ್ವ ಎದ್ದು ನಿಂತು, ರೂಢಿಯ ಕೈ, ಮತ್ತೆ ಉಡಿಯೊಡ್ಡಿದಳು.

“ಏನ ಬೇಕು, ತಂಗಿ?”

ಬೇಕಾದದ್ದು ಒಂದೇ ಇತ್ತು. ಇಷ್ಟು ದಿನ ಎದೆಯಲ್ಲಿ ಅದೇ ಕುದಿಯುತ್ತಿತ್ತು. ಕೊಡುವವರು ಎದುರಿಗಿದ್ದರು, ಕೇಳುವಷ್ಟು ಧೈರ್ಯವೂ ಇತ್ತು. ಕಾಶವ್ವ ಮಗಳ ಮುಖ ನೋಡಿದಳು. “ಏನೂ ಬ್ಯಾಡ್ರಿ ಅಜ್ಜಾರ. ಕಾಯ್ತೀನಿ,” ಎಂದಳು. ಹಾಗೆಂದವಳಿಗೆ ಕಣ್ಣು ತುಂಬಿ ಬಂದು, ಒಡ್ಡಿದ ಉಡಿಯನ್ನು ಬಿಟ್ಟದ್ದೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಪಕ್ಕದಿಂದ ನಿಂಬೆವ್ವ, ಮನೆಯಲ್ಲಿ ದಿನಾ ಹೇಳುವ ಹಾಗೆ, ಒಂದಿಷ್ಟು ಬೇಸರದಿಂದಲೇ ಹೇಳಿದಳು: “ಅವ್ವಾ, ಸೆರಗು ಕುಣ್ಯಾಗ ಇಳಿಬಿದ್ದೈತಿ ನೋಡು, ಮ್ಯಾಲ ತೊಗೊ.”

ಅಜ್ಜನವರ ಕೈ ಲಾಳಿಯ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಮಗ್ಗ ಸಪ್ಪಳ ಮಾಡತೊಡಗಿತು.

ನಿಂಬೆವ್ವ ಮುಂದೆ ಗಂಡನ ಮನೆಗೆ ಹೋದಳು, ಬಾಳಿದಳು. ಮೊದಲಿನ ಬಾಯಿಬಡಕಿ ಮಾತ್ರ ಮತ್ತೆ ಆಗಲಿಲ್ಲ. ಕಾಶವ್ವನೂ ಬದಲಾದಳು. ಊರಲ್ಲಿ ಯಾರ ಮಗಳಾದರೂ ನೊಂದು ತವರಿಗೆ ಬಂದು ಮೂಲೆ ಹಿಡಿದಳೆಂದರೆ, ಕಾಶವ್ವ ಹೋಗಿ ಆ ಕೋಣೆಯ ಹೊರಗೆ ಒಂದು ತಂಬಿಗೆ ನೀರಿಟ್ಟುಕೊಂಡು ಸುಮ್ಮನೆ ಕೂಡುತ್ತಿದ್ದಳು. ಒಳಗೆ ಹೋಗಿ ಬುದ್ಧಿ ಹೇಳಲು ಹೊರಟ ಹೆಂಗಸರನ್ನು ಮಾತ್ರ ಬೈದು ಓಡಿಸುತ್ತಿದ್ದಳು. ಶ್ರೀಗಳವರು ಲಿಂಗೈಕ್ಯರಾದ ಮೇಲೆ ಅವರ ಕುಣಿಯ ಕಸ ಹೊಡೆಯುವ ಸೇವೆ ಆಕೆಯದೇ ಆಯಿತು. ನಾನು ನೋಡಿದ್ದೇನೆ: ಅಂಚನ್ನು ಮೂರು ಸಲ ತಟ್ಟುವಳು, ಕಾಯುವಳು, ಆಮೇಲೆ ಕಸಬರಿಗೆ ಇಳಿಸುವಳು. ಅಜ್ಜನವರನ್ನು ಕಣ್ಣಾರೆ ಕಾಣುವ ಭಾಗ್ಯ ನನಗಿರಲಿಲ್ಲ. ಆ ಕಾಯುವ ಹೊತ್ತಿನಲ್ಲಿ ಖಾಲಿ ಮಗ್ಗದ ಕಡೆ ನೋಡುತ್ತ ನನಗೆ ಅವರನ್ನೊಮ್ಮೆ ಕಾಣಬೇಕಿತ್ತೆಂದು ಬಹಳ ಆಸೆಯಾಗುತ್ತಿತ್ತು.

ಕಥೆ ಮುಗಿಸಿದ ದಿನ ನಾನು ಮಾಸ್ತರಿಕೆಯ ಬುದ್ಧಿ ಬಿಡದೆ ಕೇಳಿದೆ: “ಅಷ್ಟು ದಿನ ಹಂಬಲಿಸಿದ ಮಾತು ಕಿವಿಗೆ ಬಿತ್ತಲ್ಲ, ಕಾಶವ್ವಾ, ಆಗ ನೀ ಏನಂದಿ?”

ಮುದುಕಿ ನನ್ನನ್ನು ಏನೂ ತಿಳಿಯದವನನ್ನು ನೋಡುವಂತೆ ನೋಡಿದಳು.

“ಏನ ಅನ್ನೂದೈತ್ರಿ ಮಾಸ್ತರ? ಸೆರಗು ಮ್ಯಾಲ ತೊಗೊಂಡ್ನಿ.”